ದಾರಿ ಕೇಳದೆ ಕೊಲ್ಲೂರಿಗೆ

ಕೆಲವರ ಬದುಕಿನಲ್ಲಿ ಏನೂ ಆಗುವುದಿಲ್ಲ. ಪೇಟೆಗೆ ಹೋಗುತ್ತಾರೆ, ಸಾಮಾನು ತರುತ್ತಾರೆ, ಉಂಡು ಮಲಗುತ್ತಾರೆ. ನಾನು ಹಾಗಲ್ಲ. ಬೆಂಕಿಪೆಟ್ಟಿಗೆ ತರಲಿಕ್ಕೆ ಹೋದರೂ ಹಿಂದೆ ಬರುವಾಗ ಎರಡು ಗಂಟೆ ಹೇಳುವಷ್ಟು ಏನಾದರೂ ಆಗಿಯೇ ಇರುತ್ತದೆ. ಇದು ನಾನು ಬೇಕಂತ ಮಾಡಿಕೊಂಡದ್ದಲ್ಲ, ಹುಟ್ಟಿನಿಂದ ಬಂದದ್ದು. ಶಾಲೆಯ ಮೆಟ್ಟಿಲು ಹತ್ತಿದ್ದು ಓಟು ಹಾಕಲಿಕ್ಕೆ ಮಾತ್ರ. ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ನೋಡಿ. ಆದರೂ ಕಿರಿಮಂಜೇಶ್ವರದಲ್ಲಿ ನಾನು ಬಾಯಿ ತೆರೆದರೆ ಕಾಲೇಜು ಕಲಿತವರೂ ಚಹಾ ಆರಲು ಬಿಟ್ಟು ಕೂರುತ್ತಾರೆ. ಈಗ ಹೇಳುವುದು ಮೂರು ದಿನ ನಡೆದ ಕಥೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಇದ್ದರೆ ಒಂದೆರಡು ಅಕ್ಷರ, ಅಷ್ಟೇ.

ಬೆಂಚು

ನಮ್ಮೂರ ಹೆದ್ದಾರಿ ಬದಿಯ ಚಹಾ ಅಂಗಡಿಯಲ್ಲಿ ಉದ್ದದ ಬೆಂಚೊಂದಿದೆ. ಗೋಡೆ ಬದಿಯ ಮೂಲೆ ನನ್ನದು. ಸಂಜೆ ಐದಕ್ಕೆ ನಾನು ಅಲ್ಲಿ ಕೂತೆನೆಂದರೆ ಆರೂವರೆ ತನಕ ಬೇರೆ ಯಾರಿಗೂ ಮಾತಾಡುವ ಕಷ್ಟ ಇರುವುದಿಲ್ಲ. ಆ ದಿನ ಹೇಳುತ್ತಿದ್ದದ್ದು ಕೊಡಚಾದ್ರಿಯ ವಿಷಯ. ಕೆರಾಡಿಯಿಂದ ಹೊರಟು ಗುಡ್ಡದ ಬುಡ ಹಿಡಿದು ಒಂದು ದಿನ, ಹತ್ತುವುದಕ್ಕೆ ಒಂದು ದಿನ, ಇಳಿದು ಕೊಲ್ಲೂರು ಸೇರುವುದಕ್ಕೆ ಒಂದು ದಿನ. ಆ ದಾರಿಯಲ್ಲಿ ಪ್ರಾಯದ ಕಾಲಕ್ಕೆ ಉಪ್ಪು, ಒಣಮೀನು ಹೊತ್ತು ನೂರು ಸಲ ನಡೆದಿದ್ದೇನೆ ಅಂದೆ.

"ಒಂದ್ ಸಲ ಕಾಣಿ, ಮೇಲ್ ಹೋಪತಿಗೆ ಹೊರೆ ಇಳ್ಸುಕೆ ಒಂದ್ ಕಲ್ಲೂ ಇಲ್ಲೆ. ಎದ್ರ್ ಒಂದ್ ಮೋಡ ಬಂತ್. ಬುಟ್ಟಿ ಮೋಡದ್ ಮೇಲೆ ಇಟ್ಟೆ, ಬೆವರ್ ಒರ್ಸ್ಕಂಡೆ, ಮತ್ತೆ ತಲಿ ಮೇಲೆ ಇಟ್ಕಂಡ್ ನಡ್ದೆ."

"ಮೋಡ ಬುಟ್ಟಿ ತಕಂಡ್ ಓಡ್ಲಿಲ್ಯಾ ಅಜ್ಜಯ್ಯ?" ಅಂತ ಅಂಗಡಿಯವ ಕೇಳಿದ.

"ಬುಟ್ಟಿ ತೆಗುವಲ್ಲೊರಿಗೆ ಹ್ಯಾಂಗೋ ತಡ್ಕಂತ್. ತೆಗ್ದದ್ದೇ ತಡ, ಒಣಮೀನ್ ವಾಸ್ನಿಗೆ ಓಡಿದ್ದ್ ಓಡಿದ್ದೇ. ಆ ವರ್ಷ ಘಟ್ಟದ್ ಮೇಲೆ ಮಳಿಯೇ ಇಲ್ಲೆ."

ಎಲ್ಲರೂ ನಕ್ಕರು. ನಗದವನು ಒಬ್ಬನೇ, ನನ್ನ ಭಾವ. ಭಾವ ಅಂದರೆ ನನ್ನ ಹೆಂಡತಿಯ ತಮ್ಮ. ನಲವತ್ತು ವರ್ಷ ಮುಂಬೈಯ ಹೋಟೆಲಿನಲ್ಲಿದ್ದು ಈಗ ಊರಿಗೆ ಬಂದು ಕೂತಿದ್ದಾನೆ. ಸಾಂಬಾರಿನಲ್ಲಿ ನೀರು ಎಷ್ಟು ಬೆರೆತಿದೆ ಅಂತ ನೋಡಿಯೇ ಹೇಳುತ್ತಿದ್ದವನು, ಈಗ ನನ್ನ ಮಾತಿನಲ್ಲಿ ನೀರು ಹುಡುಕುವ ಕೆಲಸ ಹಿಡಿದಿದ್ದಾನೆ.

"ಹ್ವಾಯ್ ಭಾವ, ನೂರ್ ಸಲ ಹೋಯ್ದೆ ಅಂದ್ರಿ. ನೂರಾ ಒಂದನೇ ಸಲ ಹೋಯಿ ತೋರ್ಸಿ ಕಾಂಬ" ಅಂದ. "ಗಾಡಿ ಹತ್ತುಕಾಗ. ನಿಮ್ಮ್ ಚೀಲ ನೀವೇ ಹೊರ್ಕ್. ದಾರಿ ಒಬ್ರ್ ಹತ್ರವೂ ಕೇಣುಕಾಗ. ನೂರ್ ಸಲ ಹೋದವ್ರಿಗೆ ದಾರಿ ಕೇಣುದ್ ಎಂತಕ್ಕೆ?"

"ಸೋತ್ರೆ?"

"ಸೋತ್ರೆ ಜೀವ ಇಪ್ಪಲ್ಲೊರಿಗೆ ಈ ಬೆಂಚಿನ್ ಮೇಲೆ ನೀವ್ ಮಾತ್ ಆಡುಕಾಗ. ಚಾ ಕುಡಿಲಕ್, ಉಸ್ರ್ ಬಿಡ್ಲಕ್. ಬಸ್."

"ಗೆದ್ರೆ?"

"ಗೆದ್ರೆ ಎಲ್ಲರ್ ಎದ್ರ್ ನಾನೇ ನಿಂತ್ಕಂಡ್, ನಮ್ಮ್ ಭಾವ ಹೇಳುದೆಲ್ಲ ಸತ್ಯ ಅಂತ ಸಾಕ್ಷಿ ಹೇಳ್ತೆ."

ಹಲ್ಲು ಹೋದಾಗ ಅಳಲಿಲ್ಲ, ಒಂದು ಕಿವಿ ಹೋದಾಗ ಅಳಲಿಲ್ಲ. ಬಾಯಿಯೇ ಹೋದರೆ ನನ್ನಲ್ಲಿ ಉಳಿಯುವುದು ಎಂತ? ಆದರೆ ಹತ್ತು ಜನ ನೋಡುತ್ತಿದ್ದಾರೆ. "ಆಯ್ತ್" ಅಂದೆ. ಅಂಗಡಿಯವ ನನ್ನ ಕೈ ಹಿಡಿದುಕೊಂಡ: "ಅಜ್ಜಯ್ಯ, ನೀವ್ ಗೆದ್ದೇ ಬರ್ಕ್. ನೀವ್ ಸುಮ್ನೆ ಕೂತ್ರೆ ಇವ್ರೆಲ್ಲ ಒಂದೇ ಚಾ ಕುಡ್ದ್ ಎದ್ದ್ ಹೋತ್ರ್."

ಹಿಮ್ಮಡಿ

ಇಲ್ಲಿ ನಾವು ನಾವೇ ಇರುವುದರಿಂದ ಹೇಳುತ್ತೇನೆ. ಆ ದಾರಿಯಲ್ಲಿ ನಾನು ಹೋದದ್ದು ಒಂದೇ ಸಲ.

ಹದಿನಾರರ ಪ್ರಾಯ. ಸೋದರಮಾವನ ಜೊತೆ ಏಳು ಜನ ಹೊರೆಯವರು. ನಾನು ಎಲ್ಲರಿಗಿಂತ ಹಿಂದೆ. ಬುಟ್ಟಿ ಕಣ್ಣಿನ ತನಕ ಇಳಿದಿತ್ತು. ಮೂರು ದಿನ ನಾನು ನೋಡಿದ್ದು ಮುಂದಿನವನ ಹಿಮ್ಮಡಿ ಒಂದನ್ನೇ. ಆ ಹಿಮ್ಮಡಿಯ ಒಡಕುಗಳು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿವೆ. ಒಂದು ದೊಡ್ಡ ಹೊಳೆ, ಅದಕ್ಕೆ ಬಂದು ಸೇರುವ ನಾಲ್ಕು ತೋಡು. ಅದೇ ಹಿಮ್ಮಡಿ ಮುಂದೆ ನಡೆಯುತ್ತಿದ್ದರೆ ಕಾಶಿಗಾದರೂ ತಪ್ಪದೆ ಹೋದೇನು. ಆದರೆ ಹಿಮ್ಮಡಿಯ ಯಜಮಾನ ಸತ್ತು ಇಪ್ಪತ್ತು ವರ್ಷ ಆಯಿತು.

ಭಾವ ಬಿಡುವವನಲ್ಲ. ಬ್ರಹ್ಮಾವರದಲ್ಲಿ ಅವನಿಗೆ ಗುರುತಿನ ಪಿ.ಟಿ. ಮೇಷ್ಟ್ರೊಬ್ಬರಿದ್ದಾರೆ. ನಿವೃತ್ತಿಯಾದರೂ ಕೊರಳಲ್ಲಿ ಸೀಟಿ ಇದೆ. ಗುಡ್ಡ ಹತ್ತುವುದು ಅವರ ಹುಚ್ಚು. ಕುಂದಾಪುರದ ಡಾಕ್ಟ್ರಮ್ಮ ಒಬ್ಬರಿಗೂ ಅದೇ ಹುಚ್ಚು. ಇಬ್ಬರೂ ಹಳೆಯ ಉಪ್ಪಿನ ದಾರಿ ಬಲ್ಲವರನ್ನು ಹುಡುಕುತ್ತಿದ್ದರಂತೆ. "ನಮ್ಮ ಭಾವ ಇದ್ದಾರೆ, ನೂರು ಸಲ ಹೋದವರು" ಅಂತ ಇವನು ಹೇಳಿಬಿಟ್ಟ. ಮೇಷ್ಟ್ರು ಅರಣ್ಯ ಇಲಾಖೆಯ ಚೀಟಿ ಮಾಡಿಸಿದರು, ರಾತ್ರಿ ಉಳಿಯುವ ಮನೆಗಳಿಗೆ ಫೋನು ಮಾಡಿದರು. ದೀಪಾವಳಿ ಕಳೆದು ಹೊರಡುವುದು ಅಂತಾಯಿತು.

ಹೆಂಡತಿ ಚೀಲಕ್ಕೆ ಅವಲಕ್ಕಿ, ಬೆಲ್ಲ, ಮಿಡಿ ಉಪ್ಪಿನಕಾಯಿ ತುಂಬುತ್ತಾ, ಹೋದ ವಾರದ ಮದುವೆ ಮಂಟಪ ನೆನಪಿಸಿ ಕೇಳಿದಳು: "ಹ್ವಾಯ್, ಹ್ವಾದ್ ವಾರ ಕುಂದಾಪ್ರದ್ ಮದಿ ಹಾಲಂಗೆ ಕೈ ತೊಳುಕೆ ಹೋದವ್ರ್ ಬೇರೆಯವ್ರ್ ಮದಿಗ್ ಹೋಯಿ ಉಂಡ್ಕಂಡ್ ಬಂದ್ರಿ. ಕಾಡಂಗೆ ಎಂತ ಮಾಡ್ತ್ರಿ?"

"ಕಾಡಂಗೆ ಮದಿ ಹಾಲ್ ಇಲ್ಲೆ" ಅಂದೆ. ಧೈರ್ಯಕ್ಕೆ ನನ್ನಲ್ಲಿ ಇದ್ದದ್ದು ಅದೊಂದೇ ಮಾತು.

ನಾಲ್ಕು ಎಲೆ ಅಡಿಕೆ

ಮೊದಲ ದಿನ ಕೆರಾಡಿಯಿಂದ ಹೊರಟದ್ದು ಜೀಪು ಹೋಗುವಷ್ಟು ಅಗಲದ ಮಣ್ಣಿನ ದಾರಿಯಲ್ಲಿ. ತಪ್ಪಬೇಕೆಂದರೂ ತಪ್ಪಲಿಕ್ಕಾಗದ ದಾರಿ. ಹಾಗಾಗಿ ನಾನು ಎಲ್ಲರಿಗಿಂತ ಮುಂದೆ, ಕೋಲು ಊರಿಕೊಂಡು, ಬರಿಮೈಗೆ ಹೆಗಲ ಮೇಲೊಂದು ಬೈರಾಸು ಹಾಕಿಕೊಂಡು ನಡೆದೆ. ಬೆವರು ಒರೆಸಲಿಕ್ಕೂ ಅದೇ, ತಲೆಗೆ ಕಟ್ಟಲಿಕ್ಕೂ ಅದೇ. ಭಾವನ ಕಾಲಿಗೆ ದಪ್ಪ ಬೂಟು, ಕಣ್ಣಿಗೆ ಕಪ್ಪು ಕನ್ನಡಕ. ಹುಬ್ಬಿನ ಮೇಲೊಂದು ಲೈಟು ಬೇರೆ ಕಟ್ಟಿದ್ದ, ಹಗಲು ಹತ್ತು ಗಂಟೆಗೆ.

"ಇವತ್ತಿನ ಮನೆಗೆ ಎಷ್ಟು ಕಿಲೋಮೀಟರ್ ಅಜ್ಜಯ್ಯ?" ಅಂತ ಮೇಷ್ಟ್ರು ಕೈಗಡಿಯಾರ ನೋಡಿಕೊಂಡು ಕೇಳಿದರು. ಅದು ಹೆಜ್ಜೆ ಎಣಿಸುವ ಗಡಿಯಾರವಂತೆ.

"ಹೊರೆ ಹೊತ್ತವ್ರ್ ದೂರ ಅಳೂದ್ ಕಿಲೋಮೀಟ್ರಂಗೆ ಅಲ್ಲ ಮೇಷ್ಟ್ರೇ, ಎಲೆ ಅಡ್ಕಿಯಂಗೆ" ಅಂದೆ. ಇದು ಸುಳ್ಳಲ್ಲ. ಒಮ್ಮೆ ಬಾಯಿಗೆ ಹಾಕಿದ ಎಲೆ ಅಡಿಕೆ ರಸ ಮುಗಿದು ಉಗುಳುವ ತನಕ ನಡೆದರೆ, ಅದು ಒಂದು ಎಲೆ ಅಡಿಕೆ ದೂರ. ನನ್ನ ಮಾವನವರೆಲ್ಲ ಹಾಗೆಯೇ ಅಳೆಯುತ್ತಿದ್ದರು.

"ಹಾಗಾದರೆ ಎಷ್ಟು ಎಲೆ ಅಡಿಕೆ?"

"ನಾಲ್ಕ್."

ನಾಲ್ಕು ಯಾಕೆಂದರೆ ನನ್ನ ಸಂಚಿಯಲ್ಲಿ ಇದ್ದದ್ದು ನಾಲ್ಕೇ ಎಲೆ.

ಮೂರು ಮುಗಿಯುವಾಗ ಇನ್ನೂ ಮಧ್ಯಾಹ್ನ. ಮನೆ ಬಿಡಿ, ಮನೆಯ ನಾಯಿ ಬೊಗಳುವುದೂ ಕೇಳುವುದಿಲ್ಲ. ನಾಲ್ಕನೆಯದನ್ನು ಹಾಕಿದವನು ಅಗಿಯಲೇ ಇಲ್ಲ. ಎಡ ಕೆನ್ನೆಯಲ್ಲಿ ಇಟ್ಟುಕೊಂಡೆ. ಮಾತಾಡಿದರೆ ರಸ ಇಳಿಯುತ್ತದೆ ಅಂತ ಮಾತೂ ಬಿಟ್ಟೆ. ಭಾವ ಎರಡು ಸಲ ಹಿಂದೆ ತಿರುಗಿ, "ಭಾವನಿಗೆ ಮೈಯ್ಯಂಗೆ ಹುಷಾರಿಲ್ಯಾ ಕಾಂತ್, ಒಂದ್ ಗಂಟಿಂದ ಸುಮ್ನಿದ್ರ್" ಅಂತ ಡಾಕ್ಟ್ರಮ್ಮನಿಗೆ ಹೇಳಿದ. ಅವರು ಗಾಬರಿಯಿಂದ ನನ್ನ ನಾಡಿ ಹಿಡಿದು ನೋಡಿದರು. ನಾನು ಕೈಸನ್ನೆಯಲ್ಲೇ ಸರಿ ಇದ್ದೇನೆ ಅಂದೆ. ಹೊಳೆ ದಾಟಿ, ದಿಬ್ಬ ಹತ್ತಿ, ಬಿಸಿಲು ಇಳಿಯುವ ಹೊತ್ತಿಗೆ ದೂರದಲ್ಲಿ ಹೆಂಚು ಕಂಡಿತು. ಅಲ್ಲಿಂದ ನಾಲ್ಕು ಸಲ ಗಬಗಬ ಅಗಿದೆ. ಅಂಗಳದ ಬಾಗಿಲಿನ ದಣಪೆ ಹತ್ತಿರ ನಿಂತು ಗಟ್ಟಿಯಾಗಿ ಉಗುಳಿದೆ.

"ಕಾಣಿ. ನಾಲ್ಕ್ ಅಂದ್ರೆ ನಾಲ್ಕ್."

ಮೇಷ್ಟ್ರು ಬಾಯಿ ಬಿಟ್ಟುಕೊಂಡು ಗಡಿಯಾರ ನೋಡಿದರು. ಡಾಕ್ಟ್ರಮ್ಮ ಬಾಗಿ ನಾನು ಉಗುಳಿದ್ದನ್ನು ನೋಡಿ, "ಅಜ್ಜಯ್ಯ, ಇಷ್ಟು ಹೊತ್ತು ಬಾಯಲ್ಲಿಟ್ಟುಕೊಳ್ಳುವುದಾದರೆ ನಿಮಗೆ ಒಂದೇ ಎಲೆ ಅಡಿಕೆಯಲ್ಲಿ ಬೆಂಗಳೂರು ಮುಟ್ಟಬಹುದಿತ್ತು" ಅಂದರು.

ನಮಸ್ಕಾರಕ್ಕೆ ಬಂದವು

ಅದೇ ಅಂಗಳದಲ್ಲಿ ಭಾವ ಬೂಟು ಕಳಚಿದ. ಸಾಕ್ಸಿನ ಒಳಗೆ ಉಂಬಳ, ಕಾಡಿನ ಜಿಗಣೆ. ರಕ್ತ ಕುಡಿದು ಕೊಬ್ಬಿದ್ದು ಒಂದು, ಸಣ್ಣವು ಎರಡು. "ಅರೆ ಬಾಪ್ ರೇ!" ಅಂತ ಅಂಗಳದಲ್ಲಿ ಕುಣಿದ ಕುಣಿತಕ್ಕೆ ಮನೆಯವರ ಕೋಳಿಗಳೆಲ್ಲ ಹಟ್ಟಿ ಸೇರಿದವು. ಮನೆಯಾಕೆ ಸುಣ್ಣ ತಂದು ಹಚ್ಚಿ ಬಿಡಿಸಿದಳು.

ಸಮಯ ಸಿಕ್ಕಿತಲ್ಲ, ನಾನು ಜಗಲಿಯ ಮೇಲೆ ಕೂತು ಸುರು ಮಾಡಿದೆ. "ಉಂಬ್ಳ ನನ್ ಹತ್ರ ಬತ್ತಿಲ್ಲೆ. ನನ್ ರಕ್ತ ಕಹಿ. ಒಂದ್ ಕಾಲದಂಗೆ ಒಂದ್ ಉಂಬ್ಳ ಕಚ್ಚಿತ್ತ್ ಕಾಣಿ, ಪಡುವಲಕಾಯಿ ಉದ್ದ. ಕಚ್ಚಿದ್ದೇ ಮುಖ ಸಣ್ಣ ಮಾಡ್ಕಂಡ್, ಹೊಳಿಗ್ ಹೋಯಿ, ಬಾಯಿ ಮುಕ್ಳಿಸಿ ಉಗ್ದಿತ್. ಆಮೇಲೆ ಅದ್ ಅದ್ರ್ ನೆಂಟ್ರಿಗೆಲ್ಲ ಹೇಳಿ ಬಂತ್ ಕಾಂತ್, ಒಂದೂ ನನ್ನ್ ಮುಟ್ಟುದಿಲ್ಲೆ."

ಮನೆಯ ಯಜಮಾನರು ಹೌದೌದು ಅಂತ ತಲೆಯಾಡಿಸಿದರು. ಮೇಷ್ಟ್ರು ಸೀಟಿ ಕೈಯಲ್ಲಿ ಹಿಡಿದು ಕೇಳುತ್ತಿದ್ದರು. ಡಾಕ್ಟ್ರಮ್ಮ ಮಾತ್ರ ನನ್ನ ಪಂಚೆಯನ್ನೇ ನೋಡುತ್ತಿದ್ದರು. ಬಿಳಿ ಪಂಚೆಯಲ್ಲಿ ಅಲ್ಲಲ್ಲಿ ಕೆಂಪು.

"ಅಜ್ಜಯ್ಯ, ಪಂಚೆ ಸ್ವಲ್ಪ ಮೇಲೆತ್ತಿ."

ಎತ್ತಿದೆ. ಅವರು ಎಣಿಸಲು ಸುರು ಮಾಡಿದರು. ಮೊಣಕಾಲಿನ ಹತ್ತಿರ ಬರುವಾಗಲೇ ಹನ್ನೊಂದಾಗಿತ್ತು. ಅದರ ಮೇಲೆ ಎಣಿಸುವುದು ಹೆಂಗಸರಿಗೆ ಸರಿಯಲ್ಲ ಅಂತ ನಾನೇ ನಿಲ್ಲಿಸಿದೆ.

ಭಾವನ ಮುಖ ಅರಳಿತು. "ಎಂತ ಭಾವ? ಕಹಿ ರಕ್ತ?"

"ಇವ್ ಕಚ್ಚುಕೆ ಬಂದದ್ದಲ್ಲ ಮಾರಾಯ" ಅಂದೆ. "ಹಿರಿಯವ್ರ್ ಬಂದಿದ್ರ್ ಅಂತ ಕಾಲ್ ಮುಟ್ಟಿ ನಮಸ್ಕಾರ ಮಾಡುಕೆ ಬಂದದ್ದ್. ಹಳೆ ಗುರ್ತ್ ಇತ್ತಲೆ."

ಒಳಮಗ್ಗಲು

ಎರಡನೆಯ ದಿನ ಕಾಡು ಸುರುವಾಯಿತು, ನನಗೆ ಬೆವರೂ ಸುರುವಾಯಿತು. ಏರು ಅಂದರೆ ಗೋಡೆಗೆ ಒರಗಿಸಿಟ್ಟ ಏಣಿ. ಒಂದು ಗಂಟೆ ಹತ್ತಿದ ಮೇಲೆ ದಾರಿ ಮೂರಾಗಿ ಒಡೆಯಿತು. ಮೂರರ ಮೇಲೂ ಯಾರದೇ ಹಿಮ್ಮಡಿಯ ಗುರುತಿಲ್ಲ. ಯಾರನ್ನೂ ಕೇಳುವ ಹಾಗೂ ಇಲ್ಲ. ಮೇಷ್ಟ್ರ ಫೋನಿನ ಮ್ಯಾಪಿನಲ್ಲಿ ಹಸಿರು ಬಣ್ಣದ ನಡುವೆ ಒಂದು ನೀಲಿ ಚುಕ್ಕೆ ಇತ್ತು. "ಇದು ನಾವು" ಅಂದರು. ನಾವು ಇಲ್ಲಿರುವುದು ನನಗೂ ಗೊತ್ತಿತ್ತು.

ಗಂಟಲು ಸರಿಮಾಡಿಕೊಂಡು "ನಡೂ ದಾರಿ" ಅಂದೆ. ಮುಕ್ಕಾಲು ಗಂಟೆ ನಡೆದೆವು. ಆಮೇಲೆ ಇನ್ನೂ ಮುಕ್ಕಾಲು ಗಂಟೆ.

"ಭಾವ, ಈ ಮರ ಮೂರನೇ ಸಲ ಕಾಂತಾ ಇತ್ತ್" ಅಂದ ಭಾವ.

"ಕಾಡಂಗೆ ಮರ ಎಲ್ಲ ಒಂದೇ ತರ ಇರ್ತ್."

"ಇರ್ಲಿ. ಬುಡದಂಗೆ ನೀವ್ ಉಗ್ದ್ ಕೆಂಪೂ ಒಂದೇ ತರ ಇತ್ತಲೆ?"

ಹೌದು, ನನ್ನದೇ. ಬೆಳಿಗ್ಗೆ ಮನೆಯವರು ಕೊಟ್ಟ ಎಲೆಯದ್ದು. ಭಾವ ನಗಲಿಕ್ಕೆ ಸುರು ಮಾಡಿದ. ಬೆಂಚು ನನ್ನ ಕಣ್ಣೆದುರು ಬಂತು. ನಾನು ಮೂಲೆಯಲ್ಲಿ ಬಾಯಿ ಹೊಲಿದುಕೊಂಡು ಕೂತಿದ್ದೇನೆ, ಉಳಿದವರೆಲ್ಲ ಮಾತಾಡುತ್ತಿದ್ದಾರೆ. ಆಗ ಬಾಯಿಗೆ ಬಂದದ್ದು ಬಳ್ಳಿ.

ನಮ್ಮ ಕಡೆಯ ಹಳಬರಿಗೆಲ್ಲ ಗೊತ್ತು. ಕಾಡಿನಲ್ಲಿ ಒಂದು ಜಾತಿಯ ಬಳ್ಳಿ ಇದೆ. ತಿಳಿಯದೆ ಅದನ್ನು ದಾಟಿದವನು ಸುತ್ತಿದಲ್ಲೇ ಸುತ್ತುತ್ತಾನೆ. ಅದಕ್ಕೆ ಪರಿಹಾರವೂ ಇದೆ. ಕೂತುಕೊಳ್ಳಬೇಕು, ಮೈಮೇಲಿನ ಬಟ್ಟೆಯನ್ನು ಒಳಮಗ್ಗಲು ಹೊರಗೆ ಮಾಡಿ ಹಾಕಿಕೊಳ್ಳಬೇಕು, ದಾರಿ ಕಾಣುವ ತನಕ ಮಾತಾಡಬಾರದು.

"ನಿಮ್ಮಲ್ ಯಾರೋ ಬಳ್ಳಿ ದಾಟಿದ್ರಿ" ಅಂದೆ. "ಬಟ್ಟಿ ತಿರ್ಗ್ಸಿ ಹಾಯ್ಕಣಿ. ಎಲ್ಲರೂ."

"ಆ ಬಳ್ಳಿಯ ಹೆಸರೇನು ಅಜ್ಜಯ್ಯ?" ಡಾಕ್ಟ್ರಮ್ಮ.

"ಹೆಸ್ರ್ ಗೊತ್ತಿದ್ರೆ, ಕರ್ದ್ ಬದಿಗ್ ನಿಲ್ಲ್ ಅಂತಿದ್ದಿದ್ದೆ."

ಅವರು ನಂಬಲಿಲ್ಲ. ನಂಬಿದವನು ಭಾವ! ನಲವತ್ತು ವರ್ಷದ ಮುಂಬೈ ಎಲ್ಲಿ ಹೋಯಿತೋ, ಅವನ ಅಮ್ಮ ಹೇಳಿಕೊಟ್ಟದ್ದು ಮೇಲೆ ಬಂತು. ಸರ್ರನೆ ಅಂಗಿ ಕಳಚಿ ತಿರುವಿ ಹಾಕಿದ. ಸಾಲದ್ದಕ್ಕೆ ಮರದ ಹಿಂದೆ ಹೋಗಿ ಪ್ಯಾಂಟೂ ತಿರುವಿಕೊಂಡು ಬಂದ. ಜಿಪ್ಪು ಒಳಗೆ ಹೋಗಿ, ಅದನ್ನು ಹುಡುಕುವುದೇ ದಾರಿ ಹುಡುಕುವುದಕ್ಕಿಂತ ಕಷ್ಟವಾಯಿತು. ಅವನು ಅಷ್ಟು ಗಂಭೀರವಾಗಿ ಮಾಡಿದ್ದು ನೋಡಿ ಮೇಷ್ಟ್ರೂ ಬನಿಯನು ತಿರುವಿದರು. ಡಾಕ್ಟ್ರಮ್ಮ ಮೇಲಿನ ಕೋಟು ತಿರುವಿದರು. ಒಳಗಿನ ಕಿಸೆಗಳೆಲ್ಲ ಹೊರಗೆ ಬಂದು ಹಾಲು ಕರೆಯುವ ಹಸುವಿನ ಕೆಚ್ಚಲಿನ ಹಾಗೆ ನೇತಾಡಿದವು. ನಾನೂ ಪಂಚೆ ಬಿಚ್ಚಿ ತಿರುಗಿಸಿ ಉಟ್ಟೆ. ಎಲ್ಲರೂ ಸಾಲಾಗಿ, ಬಾಯಿ ಮುಚ್ಚಿ ಕೂತೆವು.

ಅರ್ಧ ಗಂಟೆ ಕಳೆದಿರಬೇಕು. ತಲೆಗೆ ಅಡಿಕೆ ಹಾಳೆಟೊಪ್ಪಿ ಇಟ್ಟ ಹೆಂಗಸೊಬ್ಬಳು ದನ ಹುಡುಕಿಕೊಂಡು ಬಂದಳು. ನಮ್ಮನ್ನು ನೋಡಿದಳು. ಯಾರೂ ತುಟಿ ಬಿಚ್ಚಲಿಲ್ಲ. ಅವಳ ಕಣ್ಣು ಡಾಕ್ಟ್ರಮ್ಮನ ಕಿಸೆಯ ಮೇಲೆ, ಮೇಷ್ಟ್ರ ಬನಿಯನಿನ ಹೊಲಿಗೆಯ ಮೇಲೆ, ಭಾವನ ಪ್ಯಾಂಟಿನ ಮೇಲೆ ಹೋಯಿತು.

"ಅಯ್ಯೋ ದೇವ್ರೇ, ದಾರಿ ತಪ್ಪಿತಾ?" ಅಂದಳು. "ಕೊಡಚಾದ್ರಿಗಾ? ಬಂದದ್ದೇ ದಾರಿಯಂಗೆ ಹಿಂದೆ ಹೋಯಿ. ದೊಡ್ಡ್ ಬಂಡೆಕಲ್ಲ್ ಸಿಕ್ಕುತ್. ಅದ್ನ ಎಡ್ಗಡಿ ಬಿಟ್ಟ್ ಸೀದ ಹತ್ತಿ."

ಕೇಳಿದವರು ಯಾರು? ಯಾರೂ ಇಲ್ಲ! ಅಂಗಿ ನೋಡಿ ಅವಳೇ ಹೇಳಿದ್ದು. ನಾನು ಭಾವನ ಮುಖ ನೋಡಿದೆ. ಮಾತಾಡುವ ಹಾಗಿಲ್ಲವಲ್ಲ, ಅವನು ಉಗುಳು ನುಂಗಿದ.

ಅವಳು ಆಮೇಲೆ ನನ್ನ ಕಡೆ ತಿರುಗಿದಳು. ನನ್ನ ಮೈಮೇಲೆ ಅಂಗಿ ಇಲ್ಲ. ಇದ್ದದ್ದು ಬಿಳಿ ಪಂಚೆ. ಅದಕ್ಕೆ ಒಳಮಗ್ಗಲು ಯಾವುದು, ಹೊರಮಗ್ಗಲು ಯಾವುದು? ಅವಳ ಲೆಕ್ಕಕ್ಕೆ ದಾರಿ ತಪ್ಪಿದವರು ಮೂವರೇ.

"ನೀವೊಬ್ರ್ ಸರಿ ಇದ್ರಿಯಲೆ ಅಜ್ಜಯ್ಯ? ದಾರಿ ಗೊತ್ತಿದ್ದವ್ರ್, ಪ್ಯಾಟಿಯವ್ರ್ನ ಹೀಂಗ್ ಕಾಡಂಗೆ ಕೂರ್ಸ್ಕಂಡ್ ಆಟ ಆಡ್ಸುದಾ? ಇಷ್ಟ್ ಪ್ರಾಯ ಆಯ್ತ್, ಒಂಚೂರ್ ಬುದ್ಧಿ ಬೇಡ್ದಾ ನಿಮ್ಗೆ?"

ಬೈಗುಳ ತಿಂದು ಹೊಟ್ಟೆ ತುಂಬಿದ್ದು ನನಗೆ ಅದೇ ಮೊದಲು. ಎದ್ದು ನಿಂತು ಕೋಲು ಹಿಡಿದೆ. "ಕೇಂಡ್ಯಾ ಭಾವ? ದಾರಿ ಗೊತ್ತಿದ್ದವ್ರ್ ಅಂದ್ರ್ ಅವ್ರ್."

ತುದಿಯಲ್ಲಿ

ಮಧ್ಯಾಹ್ನ ಕಳೆದು ನೆತ್ತಿ ಮುಟ್ಟಿದೆವು. ಕಲ್ಲಿನ ಸಣ್ಣ ಮಂಟಪ, ಸುತ್ತ ಹುಲ್ಲು, ಮಾತನ್ನು ಬಾಯಿಂದ ಕಿತ್ತುಕೊಂಡು ಹೋಗುವ ಗಾಳಿ. ಪಡುವಣದ ಕಡೆ ಸಮುದ್ರ ಒಂದು ಬೆಳ್ಳಿ ಗೆರೆ. ಅರವತ್ತು ವರ್ಷದ ಹಿಂದೆ ಬುಟ್ಟಿಯ ದೆಸೆಯಿಂದ ನಾನು ಇದನ್ನು ನೋಡಿರಲೇ ಇಲ್ಲ. ಕಣ್ಣು ಸ್ವಲ್ಪ ಒದ್ದೆಯಾಯಿತು. ಗಾಳಿ ಜೋರಿತ್ತು, ಅದಕ್ಕೆ.

ಸುಮ್ಮನೆ ನೋಡಿ ಇಳಿಯಬಹುದಿತ್ತು. ನನ್ನ ಬಾಯಿ ಕೇಳಬೇಕಲ್ಲ. "ಅಕಾ ಕಾಣಿ, ನಮ್ಮನಿ. ಮನಿ ಹೆಂಗ್ಸ್ ಅಂಗಳದಂಗೆ ಬಟ್ಟಿ ಒಣಗ್ಸ್ತಾ ಇತ್ತ್" ಅಂದೆ.

ತುದಿಯಲ್ಲಿ ಸಿಗ್ನಲ್ ಇರುತ್ತದೆ ಅಂತ ಯಾರು ಕಂಡಿದ್ದರು? ಭಾವ ಫೋನು ತೆಗೆದು, ಎಲ್ಲರಿಗೂ ಕೇಳುವ ಹಾಗೆ ಜೋರು ಮಾಡಿದ. "ಅಕ್ಕ, ಭಾವ ತುದಿಯಂಗೆ ಇದ್ರ್. ನೀನ್ ಅಂಗಳದಂಗೆ ಬಟ್ಟಿ ಒಣಗ್ಸುದ್ ಇಲ್ಲಿಂದ ಅವ್ರಿಗೆ ಕಾಂತಾ ಇತ್ತಂಬ್ರ್."

"ಹೌದಾ? ಎಂತ ಬಣ್ಣದ್ ಸೀರಿ ಅಂತ ಕೇಣ್."

ಅವಳಲ್ಲಿ ಹೆಚ್ಚಿರುವುದು ಹಸಿರು. "ಹಸ್ರ್" ಅಂದೆ, ಧೈರ್ಯ ಮಾಡಿ.

"ತಮ್ಮ, ನಾನ್ ಬೆಳಿಗ್ಗಿಂದ ಬೈಂದೂರಂಗೆ ತಂಗಿ ಮನೆಲ್ ಇದೆ. ನಮ್ಮನಿ ಅಂಗಳದಂಗೆ ಹಸ್ರ್ ಸೀರಿ ಉಟ್ಕಂಡ್ ಬಟ್ಟಿ ಒಣಗ್ಸುವಳ್ ಯಾರಂತ ನಂಗೂ ಒಂಚೂರ್ ಕಾಣ್ಕಿತ್ತ್. ನಿನ್ನ್ ಭಾವನ್ನ ಬೇಗ ಇಳ್ಸ್ಕಂಡ್ ಬಾ."

ಇಳಿಯುವ ಆತುರ ನನಗೆ ಅಲ್ಲಿಗೇ ಹೋಯಿತು.

ಜೀಪು

ಹತ್ತುವಾಗ ಎದೆ ಹೋಗುತ್ತದೆ, ಇಳಿಯುವಾಗ ಮೊಣಕಾಲು. ಮೂರನೆಯ ದಿನ ಬೆಳಿಗ್ಗೆ ಮೊದಲ ಇಳಿಜಾರು ಜೀಪಿನ ದಾರಿಯಲ್ಲೇ. ದಾರಿ ಅಂತ ಹೆಸರು ಅಷ್ಟೇ, ಹೊಳೆಯೊಂದು ಕಲ್ಲುಗಳನ್ನು ಬಿಟ್ಟು ಓಡಿಹೋದ ಹಾಗಿದೆ. ಮೇಷ್ಟ್ರು, ಡಾಕ್ಟ್ರಮ್ಮ ಮುಂದೆ. ನಾನು, ಭಾವ ಹಿಂದೆ. ಇಬ್ಬರಿಗೂ ಕಾಲು ಹೋಗಿದೆ, ಇಬ್ಬರೂ ಹೇಳುವವರಲ್ಲ. ಅವನು ಕೂತರೆ ನಾನೂ ಕೂರಬಹುದು ಅಂತ ನಾನು ನೋಡುತ್ತಿದ್ದೆ. ನಾನು ಕೂತರೆ ತಾನೂ ಕೂರಬಹುದು ಅಂತ ಅವನು.

ಹಿಂದಿನಿಂದ ಯಾತ್ರಿಕರ ಜೀಪು ಬಂತು. ಡ್ರೈವರು ನಿಲ್ಲಿಸಿ, "ಹತ್ತಿ ಅಜ್ಜಯ್ಯ, ಹಿಂದೆ ಇಬ್ರಿಗೆ ಜಾಗ ಇತ್ತ್" ಅಂದ.

ನನ್ನ ಎರಡೂ ಮೊಣಕಾಲು ಅಷ್ಟೊತ್ತಿಗೆ ಜೀಪು ಹತ್ತಿ ಕೂತಾಗಿತ್ತು. ಉಳಿದ ನಾನು ಮಾತ್ರ ಕೆಳಗಿದ್ದೆ.

"ಹತ್ತಿ ಭಾವ, ಶರಮ್ ಎಂತಕ್ಕೆ? ನಾನ್ ಯಾರಿಗೂ ಹೇಳುದಿಲ್ಲೆ" ಅಂದ ಭಾವ. ಅವನದೇ ಒಂದು ಕಾಲು ಜೀಪಿನ ಮೆಟ್ಟಿಲ ಮೇಲಿತ್ತು.

"ನೀನ್ ಹತ್ತ್. ನಿನ್ನ್ ಕಾಲ್ ಪಾಪ ಮುಂಬೈಯದ್ದ್. ನಾನ್ ನಡೀತೆ."

ಅವನು ಕಾಲು ಕೆಳಗಿಟ್ಟ. ಜೀಪು ಹೊರಟಿತು. ಅದರ ಹೊಗೆ ನೋಡಿಕೊಂಡು ನಾವಿಬ್ಬರೂ ಬಿಟ್ಟ ನಿಟ್ಟುಸಿರಿಗೆ ಎಲೆಗಳು ಉದುರಿದವು.

ನೂರು ಹೆಜ್ಜೆ ಹೋಗಿಲ್ಲ, ಜೀಪಿನ ಚಕ್ರ ಕೊರಕಲಿಗೆ ಇಳಿದು ಕೂತಿತು. ಎಲ್ಲರೂ ಇಳಿದು ದೂಡುತ್ತಿದ್ದಾರೆ, ಅದು ಅಲ್ಲಾಡುವುದಿಲ್ಲ. "ಅಜ್ಜಯ್ಯ, ಒಂಚೂರ್ ಕೈ ಹಾಕಿ" ಅಂದ ಡ್ರೈವರು. ನಿಜ ಹೇಳಬೇಕೆಂದರೆ ನನಗೆ ಒರಗಲಿಕ್ಕೆ ಏನಾದರೂ ಬೇಕಿತ್ತು. ಜೀಪಿನ ಬೆನ್ನಿಗೆ ನನ್ನ ಬೆನ್ನು ಕೊಟ್ಟು ಒರಗಿದೆ. ಅದೇ ಗಳಿಗೆಗೆ ಜೀಪು ಗುಂಯ್ಯೆಂದು ಮೇಲೆ ಬಂತು! ನಾನು ಕೊರಕಲಿನಲ್ಲಿ ಅಂಗಾತ ಬಿದ್ದೆ. ಎಂಟು ಜನ ದೂಡಿದ್ದರು ಅನ್ನುತ್ತಾರೆ. ಎಂಟು ಜನ ಇದ್ದಾಗ ಬಾರದ್ದು ನಾನು ಒರಗಿದಾಗ ಬಂತು ಅನ್ನುವುದಷ್ಟೇ ನನ್ನ ಮಾತು.

"ದೊಡ್ಡ್ ಉಪ್ಕಾರ ಆಯ್ತ್. ಈಗ್ಲಾದ್ರೂ ಹತ್ತಿ" ಅಂದ ಡ್ರೈವರು, ನನ್ನನ್ನು ಎಬ್ಬಿಸುತ್ತಾ.

"ಪಾಪ, ಅದ್ಕೆ ಅದ್ರ್ ಭಾರವೇ ಹೊರುಕಾತಿಲ್ಲೆ, ನಾನ್ ಬೇರೆ ಹತ್ತುದಾ?" ಅಂದೆ. "ನೀವ್ ಮುಂದೆ ಹೋಯಿ. ಮತ್ತೆಲ್ಲಾದ್ರೂ ಹುಗ್ದ್ರೆ ಒಂದ್ ಕೂಗ್ ಹಾಕಿ, ನಾವ್ ಹಿಂದಿಂದ್ ಬತ್ತೊ."

ಸಾಕ್ಷಿ

ಆಮೇಲೆ ಜೀಪಿನ ದಾರಿ ಬಿಟ್ಟು ಕಾಡಿನ ಕಾಲುದಾರಿ ಹಿಡಿದೆವು. ಸಂಜೆ ನಾಲ್ಕಕ್ಕೆ ಕೊಲ್ಲೂರು ಮುಟ್ಟಿ, ಸೌಪರ್ಣಿಕೆಯಲ್ಲಿ ಕಾಲು ಇಳಿಬಿಟ್ಟು ಕೂತೆವು. ಗಾಡಿ ಹತ್ತಲಿಲ್ಲ, ಚೀಲ ಬೇರೆಯವರಿಗೆ ಕೊಡಲಿಲ್ಲ, ದಾರಿ ಕೇಳಲಿಲ್ಲ. ಭಾವ ಕೈ ನೀಡಿ, "ಮಾನ್‌ಗಯೆ ಭಾವ. ಗೆದ್ರಿ. ಸಾಕ್ಷಿ ಹೇಳ್ತೆ" ಅಂದ.

ಗೆದ್ದವನು ಎರಡು ದಿನ ಹಾಸಿಗೆಯಿಂದ ಏಳಲಿಲ್ಲ. ಹೆಂಡತಿ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಹಸಿರು ಸೀರೆಯ ವಿಚಾರಣೆ ಮುಗಿಸಿದಳು. ಮಲಗಿದಲ್ಲೇ ನಾನು ಇಡೀ ಕಥೆ ಕಟ್ಟಿ ಇಟ್ಟುಕೊಂಡೆ, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಚಹಾ ಗುಟುಕರಿಸಬೇಕು ಎಲ್ಲ ಲೆಕ್ಕ. ಮೂರನೆಯ ದಿನ ಸಂಜೆ ಕೋಲು ಊರಿಕೊಂಡು ಅಂಗಡಿಗೆ ಹೋದೆ.

ಬೆಂಚು ತುಂಬಿದೆ. ನಿಲ್ಲಲಿಕ್ಕೂ ಜಾಗ ಇಲ್ಲ. ನನ್ನ ಮೂಲೆಯಲ್ಲಿ ಭಾವ ಕೂತಿದ್ದಾನೆ. ನನಗಿಂತ ಆರು ವರ್ಷ ಸಣ್ಣವನು, ಎರಡು ದಿನ ಮೊದಲೇ ಎದ್ದಿದ್ದನಂತೆ. ನನ್ನನ್ನು ಕಂಡದ್ದೇ ಎದ್ದು ನಿಂತ. ನುಡಿದ ಮಾತಿಗೆ ತಪ್ಪುವವನಲ್ಲ.

"ಎಲ್ಲರೂ ಕೇಣಿ. ನಮ್ಮ್ ಭಾವ ಹೇಳುದೆಲ್ಲ ಸತ್ಯ. ನಾನ್ ಕಣ್ಣಾರೆ ಕಂಡಿದೆ."

ಚಪ್ಪಾಳೆಯೋ ಚಪ್ಪಾಳೆ. ನಾನು ಬೈರಾಸು ಕೊಡವಿ, ಗಂಟಲು ಸರಿ ಮಾಡಿಕೊಂಡು, ಬಾಯಿ ತೆರೆದೆ.

"ಅದ್ ಬಿಡಿ" ಅಂದ ಭಾವ, ಕೂರದೆ. "ಈಗ ಆ ಕಾಡುಕೋಣ ಎಲ್ಲಿಗ್ ನಿಲ್ಸಿದ್ದೆ?"

"ದಾರಿಗ್ ಅಡ್ಡ ನಿಂತಲ್ಲಿಗೆ" ಅಂತ ಹತ್ತು ಜನ ಒಟ್ಟಿಗೆ ಹೇಳಿದರು.

"ಹಾಂ. ಕೋಣ ಅಂದ್ರೆ ಈ ಅಂಗಡಿಯಷ್ಟ್ ದೊಡ್ಡದ್. ಭಾವ ನನ್ನ್ ಹಿಂದೆ. ನಾನ್ ಎಂತ ಮಾಡ್ದೆ, ಮುಂಬೈಯಂಗೆ ಗಲ್ಲೆಯೆದ್ರ್ ಗಿರಾಕಿ ಗಲಾಟಿ ಮಾಡ್ರೆ ಎಂತ ಅಂತಿದ್ದೆ, ಅದೇ ಅಂದೆ. 'ಭಾಯ್‌ಸಾಬ್, ಸೈಡ್ ಮೇ ಆಜಾವ್. ಪೀಛೆ ಲೈನ್ ಹೈ.'"

ಕಾಡುಕೋಣ! ಮೂರು ದಿನದಲ್ಲಿ ನಾವು ಕಾಡುಕೋಣದ ಸೆಗಣಿಯನ್ನೂ ಕಂಡಿರಲಿಲ್ಲ. "ಹ್ವಾಯ್, ಕೋಣ ಎಲ್ಲಿತ್ತ್?" ಅಂತ ಕೂಗುವುದರಲ್ಲಿದ್ದೆ. ಅಂಗಡಿಯವ ಕೈಗೆ ಚಹಾ ಕೊಟ್ಟು, "ಅಜ್ಜಯ್ಯ, ಒಂಚೂರ್ ಸುಮ್ನಿರಿ. ಎರ್ಡ್ ದಿನದಿಂದ ಚಾ ಮಾಡಿ ಪೂರೈಸುದಿಲ್ಲೆ" ಅಂದ.

ಆಗ ನನಗೂ ಹೊಳೆಯಿತು. ನಾನು ಹೇಳುವುದೆಲ್ಲ ಸತ್ಯ ಅನ್ನುವುದಕ್ಕೆ ಈಗ ಸಾಕ್ಷಿ ಯಾರು? ಭಾವ. ಭಾವ ಸುಳ್ಳ ಅಂತ ನಾನೇ ಹೇಳಿದರೆ, ಅವನ ಸಾಕ್ಷಿ ಎಲ್ಲಿ ನಿಲ್ಲುತ್ತದೆ? ಕೆರಾಡಿಯಿಂದ ಕೊಲ್ಲೂರಿಗೆ ನಡೆದು ಗಳಿಸಿದ್ದು ಒಂದೇ ಮಾತಿನಲ್ಲಿ ಹೋಗುತ್ತದೆ. ಸೋತರೆ ಬಾಯಿ ಮುಚ್ಚಬೇಕು ಅಂತ ಶರತ್ತಿತ್ತು. ಗೆದ್ದರೂ ಮುಚ್ಚಬೇಕಾಗುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಬೆಂಚಿನ ಆ ತುದಿಯಲ್ಲಿ ಯಾರೋ ಒಂದು ಗೇಣು ಸರಿದು ಜಾಗ ಕೊಟ್ಟರು. ಕೂತೆ. ಭಾವ ಅಷ್ಟರಲ್ಲಿ ಚಹಾ ಕೈಗೆತ್ತಿಕೊಂಡು, ಒಂದು ಗುಟುಕು ಕುಡಿದು, ಸುಮ್ಮನಾದ. ಎಲ್ಲಿ ನಿಲ್ಲಿಸಬೇಕು ಅಂತ ಕಳ್ಳನಿಗೆ ಗೊತ್ತಾಗಿಬಿಟ್ಟಿದೆ. ಬೆಂಚಿನಲ್ಲಿ ಒಬ್ಬನೂ ಉಸಿರಾಡುತ್ತಿಲ್ಲ. ಕೋಣ ಅಲ್ಲೇ ದಾರಿಗೆ ಅಡ್ಡ ನಿಂತಿದೆ. ಅವನು ಚಹಾ ಮುಗಿಸುವುದಿಲ್ಲ.

ನಾನು ಎಷ್ಟು ಅಂತ ತಡೆದುಕೊಳ್ಳಲಿ?

"ಮತ್ತೆಂತ ಆಯ್ತ್ ಭಾವ?" ಅಂದೆ.